ಬಚ್ಚಲುಮನೆಯ ಚಿಮಣಿ ಮುಚ್ಚಿದ ಮೇಲೆ

ಹೊಳೆನರಸೀಪುರದ ನಮ್ಮ ಹಳೇ ಮನೆಯಲ್ಲಿ ಹೋದ ಡಿಸೆಂಬರಿನ ಒಂದು ಭಾನುವಾರ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಚಿಮಣಿಯ ವಿಚಾರ ಆಮೇಲೆ.

ಆ ಮನೆಯಲ್ಲಿ ಈಗ ನನ್ನ ತಮ್ಮನ ಸಂಸಾರವಿದೆ. ನಾನಿರುವುದು ಹಾಸನದಲ್ಲಿ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿಬರುವುದು ವಾಡಿಕೆ. ಅಂದು ಮಕ್ಕಳಿಗೆಲ್ಲ ಎಣ್ಣೆಸ್ನಾನ. ಮೊದಲು ಹುಡುಗರಿಬ್ಬರು ಒಬ್ಬರ ಹಿಂದೊಬ್ಬರು ಮುಗಿಸಿದರು. ಕೊನೆಗೆ ಹೋದವಳು ಪುಟ್ಟಿ, ತಮ್ಮನ ಮೊಮ್ಮಗಳು, ಆರನೇ ಕ್ಲಾಸು. ಉದ್ದ ಕೂದಲು, ಎಣ್ಣೆ, ಸೀಗೆಪುಡಿ ಅಂದಮೇಲೆ ತಡವಾಗುವುದು ಸಹಜ. ನಾನು ಜಗುಲಿಯ ಮೇಲೆ ಪೇಪರ್ ಓದುತ್ತ ಕೂತಿದ್ದೆ. ಅವಳ ಅಜ್ಜಿ ಒಳಗಿನಿಂದ "ಆಯ್ತೇನೇ?" ಎಂದು ಕೂಗಿದ್ದು ಕೇಳಿಸಿತು. "ಹ್ಞೂ" ಅಂತ ಉತ್ತರ ಬಂತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೂಗಿದಳು. ಈ ಸಲ ಉತ್ತರವಿಲ್ಲ, ನೀರು ಬೀಳುವ ಸದ್ದು ಮಾತ್ರ.

ಅಜ್ಜಿಯರಿಗೆ ಇಂಥದ್ದೆಲ್ಲ ನಮಗಿಂತ ಬೇಗ ತಿಳಿಯುತ್ತದೆ. ಬಾಗಿಲು ಬಡಿದಳು, ಕಿರುಚಿದಳು. ತಮ್ಮನ ಮಗ ಓಡಿಬಂದು ಭುಜ ಕೊಟ್ಟು ಚಿಲಕ ಕಿತ್ತ. ಮಗು ಗೋಡೆಗೆ ಒರಗಿ ಕುಸಿದಿತ್ತು. ಮೈ ಬೆಚ್ಚಗಿತ್ತು, ಉಸಿರಿತ್ತು, ಕರೆದರೆ ಕಣ್ಣು ತೆರೆಯುತ್ತಿರಲಿಲ್ಲ. ಸೀರೆ ಸುತ್ತಿ ಹಿತ್ತಿಲಿಗೆ ಎತ್ತಿಕೊಂಡು ಬಂದು ತೆಂಗಿನ ಮರದ ಕೆಳಗೆ ಮಲಗಿಸಿದೆವು. ಎರಡು ಮೂರು ನಿಮಿಷಕ್ಕೆ ಕಣ್ಣು ಬಿಟ್ಟಳು, ವಾಂತಿ ಮಾಡಿದಳು, "ತಲೆ ಸಿಡೀತಿದೆ ತಾತಾ" ಅಂದಳು.

ಮುಂದೆ ಆದದ್ದನ್ನು ನೆನೆದರೆ ಈಗಲೂ ನನಗೆ ಕೈ ನಡುಗುತ್ತದೆ. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಕೊಂಡಿದ್ದರಲ್ಲ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು, ಅದನ್ನು ಯಾರೋ ತಂದು ಅವಳ ಬೆರಳಿಗೆ ಹಾಕಿದರು. 98 ತೋರಿಸಿತು. "ಆಕ್ಸಿಜನ್ ಸರಿಯಾಗೇ ಇದೆ, ಹೊಟ್ಟೆ ಹಸಿದು ತಲೆ ಸುತ್ತಿರಬೇಕು, ಸ್ವಲ್ಪ ಕಾಫಿ ಕೊಡಿ" ಎಂದು ಒಬ್ಬರು ಹೇಳಿದರು. ನಾವೂ ಹೌದೌದು ಅಂದೆವು. ಒಪ್ಪದವಳು ಅವಳ ಅಜ್ಜಿ ಒಬ್ಬಳೇ. "ಆ ಚೂರು ಪ್ಲಾಸ್ಟಿಕ್ಕಿಗೆ ಏನು ಗೊತ್ತು? ಮೊದಲು ಆಸ್ಪತ್ರೆಗೆ ನಡೀರಿ" ಅಂತ ಹಟ ಹಿಡಿದಳು. ಅವಳು ಹೇಳಿದ್ದೇ ಸರಿ ಎಂದು ಆಮೇಲೆ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಹಿಂದೆ ಯಾವಾಗಲಾದರೂ ಫಿಟ್ಸ್ ಬಂದಿತ್ತೇ ಎಂದು ವಿಚಾರಿಸಿದರು. ಇಲ್ಲ ಅಂದೆವು. ಎಲ್ಲಿ ಬಿದ್ದಿದ್ದಳು ಎಂದರು. ಬಚ್ಚಲಲ್ಲಿ ಅಂದೆವು. ತಕ್ಷಣ ಕೇಳಿದರು: "ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆಯಾ?"

ನನ್ನ ತಮ್ಮ ಹೇಳಿದ: "ಇದೆ ಡಾಕ್ಟ್ರೇ, ಆದರೆ ಗ್ಯಾಸ್ ಸೋರಿಲ್ಲ. ಚೂರೂ ವಾಸನೆ ಇರಲಿಲ್ಲ."

"ವಾಸನೆ ಬರೋದಿಲ್ಲ ಯಜಮಾನ್ರೇ. ಅದೇ ಕಷ್ಟ" ಎನ್ನುತ್ತಲೇ ಅವರು ಮಗುವಿನ ಮುಖಕ್ಕೆ ಆಮ್ಲಜನಕದ ಮಾಸ್ಕ್ ಕಟ್ಟಿದರು.

ಪುಟ್ಟಿ ಮಾರನೇ ದಿನ ಮನೆಗೆ ಬಂದಳು. ಈಗ ಚೆನ್ನಾಗಿದ್ದಾಳೆ. ತನ್ನ ಕತೆಯನ್ನು ಪತ್ರಿಕೆಗೆ ಬರೆಯಲು ಅಪ್ಪಣೆ ಕೊಟ್ಟವಳೂ ಅವಳೇ, ಹೆಸರು ಹಾಕಬಾರದು ಎಂಬ ಷರತ್ತಿನ ಮೇಲೆ.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ರಸಾಯನಶಾಸ್ತ್ರ ನನ್ನ ವಿಷಯವಲ್ಲ. ಆದರೆ ಲೆಕ್ಕ ತಾಳೆಯಾಗದಿದ್ದರೆ ರಾತ್ರಿ ನಿದ್ದೆ ಬಾರದ ಜಾತಿ ನಮ್ಮದು. ಗ್ಯಾಸ್ ಸೋರಿಲ್ಲ, ಹೊಗೆ ಇಲ್ಲ, ವಾಸನೆ ಇಲ್ಲ, ಮಗು ಮಾತ್ರ ಬಿದ್ದಿದೆ. ಈ ವ್ಯತ್ಯಾಸ ಎಲ್ಲಿಂದ ಬಂತು ಎಂದು ಮಾರನೇ ದಿನವೇ ಹುಡುಕಲು ಕೂತೆ. ಹುಡುಕುತ್ತ ಹೋದರೆ ಅದು ನಮ್ಮಪ್ಪ ಕಟ್ಟಿಸಿದ ಚಿಮಣಿಗೆ ಬಂದು ನಿಂತಿತು.

ಈಗಿನ ಮಕ್ಕಳು ಹಂಡೆ ಒಲೆ ನೋಡಿರಲಿಕ್ಕಿಲ್ಲ. ನಿಮ್ಮ ತಾತನನ್ನೋ ಅಜ್ಜಿಯನ್ನೋ ಕೇಳಿ, ಒಂದು ಗಂಟೆ ಹೇಳುತ್ತಾರೆ. ಬಚ್ಚಲಿನ ಮೂಲೆಯಲ್ಲಿ ಮಣ್ಣಿನ ಒಲೆ, ಅದರ ಮೇಲೆ ಹೂತಿಟ್ಟ ತಾಮ್ರದ ಹಂಡೆ. ಮುಂಜಾನೆ ನಾಲ್ಕೂವರೆಗೆ ಎದ್ದು ಉರಿ ಹಾಕುವುದು ನನ್ನ ಪಾಳಿ. ತೆಂಗಿನ ಮಟ್ಟೆ, ಕರಟ, ಒಣಗಿದ ಗರಿ, ಸೌದೆ ಚಕ್ಕೆ ಯಾವುದಾದರೂ ನಡೆಯುತ್ತಿತ್ತು. ಮೊದಮೊದಲು ಹೊಗೆ ಹೋಗಲು ಹೆಂಚಿನ ನಡುವೆ ಒಂದು ಹೊಗೆಗಿಂಡಿ ಮಾತ್ರ ಇತ್ತು. ಅದು ಹೊಗೆಯ ಕಾಲು ಭಾಗವನ್ನು ಹೊರಗೆ ಬಿಟ್ಟು ಮುಕ್ಕಾಲು ಭಾಗವನ್ನು ನಮ್ಮ ಅಜ್ಜಿಯ ಕಣ್ಣಿಗೆ ಬಿಡುತ್ತಿತ್ತು. ಅಟ್ಟದ ತೊಲೆಗಳಿಂದ ಇಲ್ಲಣ ಕರಿಯ ದಾರದಂತೆ ಜೋಲಾಡುತ್ತಿತ್ತು. ಅಜ್ಜಿಯ ಕಣ್ಣು ಮಂಜಾದ ಮೇಲೆ ಅಪ್ಪ ಗಾರೆಯವರನ್ನು ಕರೆಸಿ ಇಟ್ಟಿಗೆಯ ಚಿಮಣಿ ಕಟ್ಟಿಸಿದರು. ಒಳಗೆ ಒಂದಡಿ ಚೌಕ, ಹೆಂಚಿಗಿಂತ ಎರಡಡಿ ಮೇಲೆ, ತುದಿಗೆ ಮಳೆ ಬೀಳದಂತೆ ನಾಲ್ಕು ಇಟ್ಟಿಗೆಯ ಮೇಲೆ ಒಂದು ಕಲ್ಲು ಚಪ್ಪಡಿ.

(ನಮ್ಮ ಕಡೆ ಚಿಮಣಿ ಎಂದರೆ ಸೀಮೆಎಣ್ಣೆ ದೀಪವೂ ಹೌದು, ಲಾಟೀನಿನ ಗಾಜೂ ಹೌದು. ನಾನು ಹೇಳುತ್ತಿರುವುದು ಹೊಗೆ ಕೊಳವೆಯ ಮಾತು.)

ಚಿಮಣಿ ಹೊಗೆಯನ್ನು ಹೇಗೆ ಎಳೆಯುತ್ತದೆ? ನನಗೆ ಇದು ಅರ್ಥವಾದದ್ದು ಚನ್ನರಾಯಪಟ್ಟಣದ ಶಾಖೆಯಲ್ಲಿದ್ದಾಗ, ಬೆಳೆ ಸಾಲದ ತಪಾಸಣೆಗೆಂದು ಒಂದು ಆಲೆಮನೆಗೆ ಹೋದ ದಿನ. ಕೊಪ್ಪರಿಗೆಯ ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ಧಗಧಗ ಉರಿಯುತ್ತಿತ್ತು. ಯಾರೂ ಊದುತ್ತಿರಲಿಲ್ಲ. ಒಲೆಯ ಬಾಯಿಯ ಹತ್ತಿರ ಹೋದರೆ ನನ್ನ ಪಂಚೆಯ ಅಂಚು ಒಳಕ್ಕೆ ಎಳೆದ ಹಾಗೆ ಹಾರಿತು. ಗಾಬರಿಯಾಗಿ ಹಿಂದೆ ಸರಿದೆ. ಬೆಲ್ಲ ಕಾಯಿಸುವ ಯಜಮಾನರು ನಕ್ಕು, ಆ ತುದಿಯಲ್ಲಿದ್ದ ಎತ್ತರದ ಚಿಮಣಿ ತೋರಿಸಿ, "ಅದು ಉಸಿರು ಎಳ್ಕೊತಾ ಇದೆ ಸಾರ್" ಎಂದರು. ಕಾದ ಗಾಳಿ ಹಿಗ್ಗಿ ಹಗುರವಾಗುತ್ತದೆ. ಕೊಳವೆಯೊಳಗಿನ ಬಿಸಿ ಗಾಳಿಯ ಕಂಬ ಹೊರಗಿನ ಅಷ್ಟೇ ಎತ್ತರದ ತಣ್ಣನೆಯ ಗಾಳಿಗಿಂತ ಹಗುರ. ಭಾರದ ಗಾಳಿ ಕೆಳಗಿನಿಂದ ನುಗ್ಗುತ್ತದೆ, ಹಗುರದ್ದು ಮೇಲೆ ಹೋಗುತ್ತದೆ. ಕೊಳವೆ ಎತ್ತರವಿದ್ದಷ್ಟೂ, ಒಳಗೆ ಬಿಸಿ ಇದ್ದಷ್ಟೂ ಎಳೆತ ಜಾಸ್ತಿ. ಒಳಗೆ ತಣ್ಣಗಾದರೆ ಎಳೆತ ನಿಂತೇಹೋಗುತ್ತದೆ. ಈ ಕಡೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನೊಂದು ಜಾಣತನ ನಮ್ಮ ಜಿಲ್ಲೆಯಲ್ಲೇ ಇದೆ. ನಮ್ಮಕ್ಕನನ್ನು ಕೊಟ್ಟದ್ದು ಅರಕಲಗೂಡು ತಾಲ್ಲೂಕಿನ ಹಳ್ಳಿಗೆ. ಆ ಕಡೆ ರಾಮನಾಥಪುರದ ಸುತ್ತ ತಂಬಾಕು ಬೆಳೆಯುತ್ತಾರೆ, ಹರಾಜು ಮಾರುಕಟ್ಟೆಯೂ ಅಲ್ಲೇ ಇದೆ. ತಂಬಾಕಿನಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ, ಅದು ಬೇರೆ ಮಾತು. ಆದರೆ ಎಲೆ ಹದ ಮಾಡುವ ಬ್ಯಾರನ್ ನೋಡಬೇಕಾದ್ದೇ. ಕಿಟಕಿಯಿಲ್ಲದ ಎತ್ತರದ ಕೋಣೆ, ಒಳಗೆ ಸಾಲುಸಾಲಾಗಿ ತೂಗುಹಾಕಿದ ಎಲೆ. ಬೆಂಕಿ ಹಾಕುವುದು ಹೊರಗಡೆ. ಆ ಬಿಸಿ ಹೊಗೆ ದಪ್ಪ ತಗಡಿನ ಕೊಳವೆಯೊಳಗೆ ಹೊಕ್ಕು ಬ್ಯಾರನ್ನಿನ ನೆಲದ ಮೇಲೆ ಸುತ್ತಿ ಬಂದು ಚಿಮಣಿಯಿಂದ ಹೊರಗೆ ಹೋಗುತ್ತದೆ. ಶಾಖ ಎಲೆಗೆ, ಹೊಗೆ ಆಕಾಶಕ್ಕೆ. ಒಂದು ಚೂರು ಹೊಗೆ ಎಲೆಗೆ ತಾಗಿದರೂ ಬಣ್ಣ ಕೆಟ್ಟು ಬೆಲೆ ಬೀಳುತ್ತದೆಂದು ಭಾವ ಪ್ರತಿ ಹಂಗಾಮಿಗೂ ಕೊಳವೆಯ ಒಂದೊಂದು ಜೋಡಣೆಯನ್ನೂ ಕೈಯಿಟ್ಟು ಪರೀಕ್ಷಿಸುತ್ತಿದ್ದರು. ಎಲೆಗೆ ತೋರಿಸುವ ಆ ಕಾಳಜಿಯ ಅರ್ಧದಷ್ಟನ್ನು ಅಡುಗೆಮನೆಯಲ್ಲಿ ಕೆಮ್ಮುತ್ತ ಕೂತ ಅಕ್ಕನಿಗೆ ತೋರಿಸಿದ್ದರೆ ಎಂದು ನನಗೆ ಅನ್ನಿಸುತ್ತಿತ್ತು. ಭಾವನ ಮುಂದೆ ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ.

ಅಕ್ಕನ ಅಡುಗೆಮನೆಗೂ ಕಡೆಗೊಮ್ಮೆ ಚಿಮಣಿ ಬಂತು, ಅಸ್ತ್ರ ಒಲೆಯ ರೂಪದಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ಹುಡುಕಲೆಂದು ಪ್ರೊಫೆಸರ್ ಎ.ಕೆ.ಎನ್. ರೆಡ್ಡಿ ಮತ್ತವರ ಜೊತೆಗಾರರು ಶುರುಮಾಡಿದ ವಿಭಾಗದ ಹೆಸರು 'ಅಸ್ತ್ರ'. ಅಲ್ಲಿ ಹುಟ್ಟಿದ ಮೂರು ಕುಳಿಯ ಒಲೆ 1980ರ ದಶಕದಲ್ಲಿ ನಮ್ಮ ಹಳ್ಳಿಗಳಿಗೂ ಬಂತು. ಒಂದೇ ಉರಿಗೆ ಮೂರು ಪಾತ್ರೆ, ಕೊನೆಗೆ ಗೋಡೆಯಾಚೆ ಚಿಮಣಿ. ಸೌದೆಯೂ ಉಳಿಯಿತು, ಕಣ್ಣೂ ಉಳಿಯಿತು.

ಈಗ ಮಕ್ಕಳಿಗೆ ಒಂದು ಬೇಸರದ ಸಂಗತಿ. ಇಂಗ್ಲೆಂಡಿನಲ್ಲಿ ಮನೆಮನೆಗೂ ದೊಡ್ಡ ಚಿಮಣಿಗಳಿದ್ದ ಕಾಲದಲ್ಲಿ, ಒಳಗೆ ಕಟ್ಟಿದ ಮಸಿ ಕೆರೆಯಲು ಇಳಿಸುತ್ತಿದ್ದುದು ನಿಮ್ಮ ವಯಸ್ಸಿನ, ನಿಮಗಿಂತ ಚಿಕ್ಕ ಹುಡುಗರನ್ನು. ದೊಡ್ಡವರು ಆ ಕಿರಿದಾದ ಕೊಳವೆಯಲ್ಲಿ ಹಿಡಿಸುತ್ತಿರಲಿಲ್ಲ. ಮೊಣಕೈ, ಮೊಣಕಾಲು ಕಿತ್ತುಹೋಗುತ್ತಿದ್ದವು, ಕೆಲವರು ಒಳಗೇ ಸಿಕ್ಕಿಕೊಂಡು ಸಾಯುತ್ತಿದ್ದರು. ಅಲ್ಲಿ ಕಾನೂನಿನ ಮೇಲೆ ಕಾನೂನು ಮಾಡಿದರೂ ಜನ ಕೇಳಲಿಲ್ಲ. 1875ರ ಕಾನೂನು ಬಂದ ಮೇಲೆಯೇ ಅದು ನಿಂತದ್ದು. ಚಿಮಣಿ ಕಟ್ಟಿದರೆ ಸಾಲದು, ವರ್ಷ ವರ್ಷ ನೋಡಿಕೊಳ್ಳಬೇಕು ಎಂಬುದು ಅವರಿಗೆ ಗೊತ್ತಿತ್ತು. ನೋಡಿಕೊಳ್ಳಲು ಆರಿಸಿಕೊಂಡ ದಾರಿ ಮಾತ್ರ ಕ್ರೂರವಾಗಿತ್ತು.

ಇನ್ನು ನಮ್ಮ ಬಚ್ಚಲಿಗೆ ಬರೋಣ. ಕೆಲವು ವರ್ಷಗಳ ಹಿಂದೆ ತಮ್ಮ ಬಚ್ಚಲುಮನೆ ಹೊಸದು ಮಾಡಿಸಿದ. ದೊಡ್ಡ ಬಚ್ಚಲನ್ನು ಎರಡು ಭಾಗ ಮಾಡಿ, ಒಂದಕ್ಕೆ ಟೈಲ್ಸ್ ಹಾಕಿ, ಗ್ಯಾಸ್ ಗೀಸರ್ ಕೂರಿಸಿದ. ಹಂಡೆ ಅಟ್ಟ ಸೇರಿತು. ಚಿಮಣಿಯಲ್ಲಿ ಪಾರಿವಾಳ ಗೂಡು ಕಟ್ಟುತ್ತಿತ್ತು, ಒಮ್ಮೆ ಹಾವೂ ಬಂದಿತ್ತಂತೆ. "ಇನ್ನು ಹೊಗೆ ಇಲ್ಲವಲ್ಲ, ಚಿಮಣಿ ಯಾಕೆ?" ಎಂದು ಕೆಳಗಿನ ಬಾಯಿಗೆ ಇಟ್ಟಿಗೆ ಕಟ್ಟಿ ಟೈಲ್ಸ್ ಅಂಟಿಸಿದರು. ಸೊಳ್ಳೆ, ಚಳಿ ಎರಡಕ್ಕೂ ಹೆದರಿ ಮೇಲಿನ ಬೆಳಕಿಂಡಿಗೆ ಪ್ಲಾಸ್ಟಿಕ್ ಹಾಳೆ ಬಡಿದರು. ಗೀಸರ್ ಕೂರಿಸಲು ಬಂದವನು ಒಂದು ಮಾತೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಗೃಹಪ್ರವೇಶದ ಉತ್ಸಾಹದಲ್ಲಿ ನಾನೇ ಹೋಗಿ "ಎಷ್ಟು ಚೊಕ್ಕಟವಾಗಿದೆಯಪ್ಪ, ಒಂದು ತೂತೂ ಇಲ್ಲ" ಎಂದು ಹೊಗಳಿ ಬಂದಿದ್ದೆ.

ಆ ತೂತಿಲ್ಲದ ಬಚ್ಚಲಿನ ಜಮಾ ಖರ್ಚು ನೋಡಿ. ಉದ್ದ ಆರಡಿ, ಅಗಲ ಐದಡಿ, ಎತ್ತರ ಎಂಟಡಿ. ಒಟ್ಟು 240 ಘನ ಅಡಿ, ಅಂದರೆ ಹತ್ತಿರಹತ್ತಿರ 7 ಘನ ಮೀಟರ್ ಗಾಳಿ. ಇದು ಜಮಾ. ನಿಮಿಷಕ್ಕೆ ಆರು ಲೀಟರ್ ನೀರು ಕಾಯಿಸುವ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಸುಮಾರು ಒಂದು ಕಿಲೋ ಗ್ಯಾಸ್ ಬೇಕು. ಒಂದು ಕಿಲೋ ಗ್ಯಾಸ್ ಸರಿಯಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಮೂವರು ಮಕ್ಕಳ ಸ್ನಾನಕ್ಕೆ ನಲ್ಲಿ ತಿರುಗಿದ್ದು ಒಟ್ಟು ಅರ್ಧ ಗಂಟೆ ಎಂದಿಟ್ಟುಕೊಳ್ಳಿ. ಖರ್ಚು 6 ಘನ ಮೀಟರ್! ಬಾಗಿಲ ಸಂದಿಯಿಂದ ಅಷ್ಟಿಷ್ಟು ನುಸುಳಿ ಬಂದದ್ದೇ ನಮ್ಮ ಪುಣ್ಯ. ಖಾತೆಯಲ್ಲಿ ಹಣವಿಲ್ಲದಿದ್ದರೆ ಬ್ಯಾಂಕು ಚೆಕ್ ವಾಪಸ್ ಮಾಡುತ್ತದೆ. ಬೆಂಕಿ ಹಾಗೆ ಮಾಡುವುದಿಲ್ಲ. ಸಾಕಷ್ಟು ಆಮ್ಲಜನಕ ಸಿಗದಿದ್ದರೂ ಅರೆಬರೆ ಉರಿಯುತ್ತಲೇ ಇರುತ್ತದೆ. ಆ ಅರೆಬರೆ ಉರಿಯಲ್ಲಿ ಹುಟ್ಟುವುದೇ ಕಾರ್ಬನ್ ಮಾನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ.

ಸಿಲಿಂಡರ್ ಸೋರಿದರೆ ಮೂಗಿಗೆ ಹೊಡೆಯುವ ವಾಸನೆ ಬರುತ್ತದಲ್ಲ ಎಂದು ನನ್ನ ತಮ್ಮನ ಹಾಗೆ ನೀವೂ ಕೇಳಬಹುದು. ಆ ವಾಸನೆ ಗ್ಯಾಸಿನದಲ್ಲ. ಸೋರಿದಾಗ ಗೊತ್ತಾಗಲಿ ಎಂದು ಕಂಪನಿಯವರು ಬೇಕೆಂದೇ ಬೆರೆಸುವ ಮರ್ಕ್ಯಾಪ್ಟನ್ ಎಂಬ ವಸ್ತುವಿನದು. ಉರಿಯಲ್ಲಿ ಗ್ಯಾಸಿನ ಜೊತೆಗೆ ಅದೂ ಸುಟ್ಟುಹೋಗುತ್ತದೆ. ಹಾಗಾಗಿ ಉರಿದ ಮೇಲಿನ ಗಾಳಿಗೆ ಕಾವಲುಗಾರನೇ ಇಲ್ಲ. ಅಜ್ಜಿಯ ಕಾಲದ ಸೌದೆ ಹೊಗೆ ಕಣ್ಣಿಗೆ ಚುಚ್ಚಿ "ಎದ್ದು ಹೊರಗೆ ಹೋಗು" ಎಂದು ಬೈದು ಓಡಿಸುತ್ತಿತ್ತು. ಇದಕ್ಕೆ ಬೈಯಲೂ ಬರುವುದಿಲ್ಲ.

ಮೈಯೊಳಗೆ ಅದು ಮಾಡುವ ಕೆಲಸವನ್ನು ಪುಟ್ಟಿಗೆ ನಾನು ಹೀಗೆ ಹೇಳಿದೆ. ಹಾಸನದ ಬಸ್ ನಿಲ್ದಾಣದಲ್ಲಿ ಬಸ್ಸು ಬಂದ ಕೂಡಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರನ್ನು ನೋಡಿದ್ದೀಯಲ್ಲ? ರಕ್ತದಲ್ಲಿ ಹಿಮೋಗ್ಲೋಬಿನ್ ಎಂಬ ಬಸ್ಸಿದೆ. ಆಮ್ಲಜನಕ ಅದರಲ್ಲಿ ಕೂತು ಊರೂರಿಗೆ ಹೋಗುತ್ತದೆ. ಕಾರ್ಬನ್ ಮಾನಾಕ್ಸೈಡ್ ಬಂದು ಆ ಸೀಟಿಗೆ ಟವೆಲ್ ಹಾಕಿಬಿಟ್ಟರೆ ಆಮ್ಲಜನಕಕ್ಕೆ ಜಾಗವಿಲ್ಲ. ಸೀಟು ಹಿಡಿಯುವುದರಲ್ಲಿ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿ. ಬಸ್ಸು ಮಾತ್ರ ಭರ್ತಿಯಾಗಿ ಓಡಾಡುತ್ತಲೇ ಇರುತ್ತದೆ. ಬೆರಳಿನ ಆಕ್ಸಿಮೀಟರ್ ನೋಡುವುದು ಸೀಟು ತುಂಬಿದೆಯೇ ಎಂದಷ್ಟೇ, ಕೂತವರು ಯಾರು ಎಂದು ಅದಕ್ಕೆ ತಿಳಿಯದು. ಅದಕ್ಕೇ ಅಂದು 98 ತೋರಿಸಿದ್ದು. ಬರೀ ಗಾಳಿ ಉಸಿರಾಡುತ್ತಿದ್ದರೆ ಆ ಟವೆಲ್‌ಗಳಲ್ಲಿ ಅರ್ಧ ಖಾಲಿಯಾಗಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆ ಸಾಕು. ಡಾಕ್ಟರಮ್ಮ ಮಾತಿಗೆ ಮೊದಲು ಮಾಸ್ಕ್ ಕಟ್ಟಿದ್ದು ಇದಕ್ಕೆ.

ಇಷ್ಟು ತಿಳಿದ ಮೇಲೆ ತಮ್ಮನ ಮಗ ಉತ್ಸಾಹದಿಂದ ಎದ್ದ. "ದೊಡ್ಡಪ್ಪಾ, ಸುಲಭ. ಮುಚ್ಚಿದ ಚಿಮಣಿ ಬಿಚ್ಚಿಸೋಣ. ಗೀಸರಿನ ತಲೆಗೆ ಒಂದು ಪೈಪು ಹಾಕಿ ಅದರೊಳಕ್ಕೆ ತೂರಿಸಿದರಾಯ್ತು. ತಾತ ಅಷ್ಟು ಗಟ್ಟಿಯಾಗಿ ಕಟ್ಟಿಸಿದ್ದಾರೆ, ಸುಮ್ಮನೆ ಯಾಕೆ ಬಿಡೋದು?"

ನನಗೂ ಮೊದಲು ಸರಿಯೆನ್ನಿಸಿತು. ಆದರೆ ಎಂದೋ ನೋಡಿದ್ದ ಒಂದು ಕೆಲಸ ನೆನಪಿಗೆ ಬಂತು.

ನನ್ನ ಮಗಳಿರುವುದು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಚಳಿಗಾಲದಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುವ ಊರು. 2015ರಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿದ್ದೆವು. ಅವರದು ಸುಮಾರು ತೊಂಬತ್ತು ವರ್ಷದ ಹಳೇ ಮನೆ. ನಡುಮನೆಯ ಗೋಡೆಯಲ್ಲಿ ಸೌದೆ ಉರಿಸುವ ಅಗ್ಗಿಷ್ಟಿಕೆ, ಅದರ ಮೇಲೆ ಇಟ್ಟಿಗೆಯ ಭಾರಿ ಚಿಮಣಿ. ಸೌದೆ, ಬೂದಿಯ ಸಹವಾಸ ಸಾಕೆಂದು ಅಲ್ಲಿ ಗ್ಯಾಸಿನ ಬೆಂಕಿಪೆಟ್ಟಿಗೆ ಕೂರಿಸಲು ಹೊರಟಿದ್ದರು. ಕೆಲಸದವನು ಮೊದಲು ಚಿಮಣಿಯೊಳಗೆ ಒಂದು ಕ್ಯಾಮೆರಾ ಇಳಿಬಿಟ್ಟ. ಇಟ್ಟಿಗೆಯ ನಡುವಿನ ಗಾರೆ ಅಲ್ಲಲ್ಲಿ ಉದುರಿತ್ತು. ಆಮೇಲೆ ಮಾಡಿನ ಮೇಲೆ ಹತ್ತಿ, ಮಡಚಿದರೆ ಮಡಚಿಕೊಳ್ಳುವ ಎರಡು ಲೋಹದ ಕೊಳವೆಗಳನ್ನು ಮೇಲಿನಿಂದ ಕೆಳಗಿನವರೆಗೂ ಇಳಿಸಿದ. ಇಷ್ಟು ದೊಡ್ಡ ಚಿಮಣಿ ಇರುವಾಗ ಅದರೊಳಗೆ ಮತ್ತೆ ಪೈಪು ಇಳಿಸುವುದು ಪ್ಯಾಂಟಿನ ಒಳಗೆ ಪಂಚೆ ಉಟ್ಟ ಹಾಗೆ ಎಂದು ನಾನು ಮಗಳಿಗೆ ಹೇಳಿ ನಕ್ಕಿದ್ದೆ. ಅವಳು ನನ್ನ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಅವನಿಗೆ ಹೇಳಿಯೂಬಿಟ್ಟಳು. ಪಾಪ, ಅವನು ಕೆಲಸ ನಿಲ್ಲಿಸಿ ತಾಳ್ಮೆಯಿಂದ ವಿವರಿಸಿದ.

ಸೌದೆಯ ಹೊಗೆ ಬಲು ಬಿಸಿ. ದೊಡ್ಡ ಇಟ್ಟಿಗೆ ಕೊಳವೆಯನ್ನೂ ಕಾಯಿಸಿಕೊಂಡು ನುಗ್ಗಿಹೋಗುತ್ತದೆ. ಗ್ಯಾಸಿನ ಉರಿಯಿಂದ ಹೊರಬರುವ ಗಾಳಿಯ ಶಾಖವನ್ನು ಯಂತ್ರ ಮೊದಲೇ ಹೀರಿಕೊಂಡಿರುತ್ತದೆ. ಅದು ದೊಡ್ಡ, ತಣ್ಣನೆಯ ಚಿಮಣಿಯಲ್ಲಿ ಅರ್ಧ ದಾರಿಗೇ ಆರಿಹೋಗುತ್ತದೆ. ಆರಿದ ಮೇಲೆ ಎಳೆತ ಎಲ್ಲಿಂದ ಬರಬೇಕು? ನಿಂತು, ಕೆಲವು ಸಲ ತಿರುಗಿ ಮನೆಯೊಳಕ್ಕೇ ಬರುತ್ತದೆ. ಎರಡನೆಯದು ನೀರು. ನಿಮಗೆ ಆಶ್ಚರ್ಯವಾಗಬಹುದು, ಗ್ಯಾಸ್ ಉರಿದರೆ ನೀರು ಹುಟ್ಟುತ್ತದೆ. ಒಂದು ಕಿಲೋ ಗ್ಯಾಸಿಗೆ ಸುಮಾರು ಒಂದೂವರೆ ಲೀಟರಿಗೂ ಹೆಚ್ಚು, ಆವಿಯಾಗಿ. ನಮ್ಮ 14.2 ಕಿಲೋ ಸಿಲಿಂಡರ್ ಒಂದು ಪೂರ್ತಿ ಉರಿದರೆ 22 ಲೀಟರ್, ಎರಡು ಕೊಡ ನೀರು! ಆ ಆವಿ ತಣ್ಣನೆಯ ಇಟ್ಟಿಗೆಗೆ ತಾಗಿ ನೀರಾಗಿ ಇಳಿಯುತ್ತದೆ, ಹಳೇ ಮಸಿಯ ಜೊತೆ ಸೇರಿ ಹುಳಿಯಾಗಿ ಸುಣ್ಣದ ಗಾರೆಯನ್ನು ತಿನ್ನುತ್ತದೆ. ಗಾರೆ ಉದುರಿದ ಸಂದಿನಿಂದ ಕಾಣದ ಹೊಗೆ ಪಕ್ಕದ ಕೋಣೆಗೆ ನುಸುಳಬಹುದು. ಅದಕ್ಕೇ ಬೆಂಕಿಯ ಅಳತೆಗೆ ತಕ್ಕ ಕಿರಿಯ ಕೊಳವೆ ಬೇಕು, ಮೇಲಿನ ತುದಿಯವರೆಗೂ ಒಂದೇ ಆಗಿರಬೇಕು. ಎರಡು ಕೊಳವೆ ಯಾಕೆಂದರೆ, ಒಂದರಲ್ಲಿ ಹೊಗೆ ಹೊರಗೆ, ಇನ್ನೊಂದರಲ್ಲಿ ಹೊರಗಿನ ಗಾಳಿ ಒಳಗೆ. ಬೆಂಕಿಯ ಮುಂದೆ ಭದ್ರವಾದ ಗಾಜು. ಮನೆಯವರು ಉಸಿರಾಡುವ ಗಾಳಿಗೂ ಬೆಂಕಿ ಉಸಿರಾಡುವ ಗಾಳಿಗೂ ಸಂಬಂಧವೇ ಇಲ್ಲ. ಇಷ್ಟಾದ ಮೇಲೂ ಮಲಗುವ ಕೋಣೆಯ ಹತ್ತಡಿಯೊಳಗೆ ಕಾರ್ಬನ್ ಮಾನಾಕ್ಸೈಡ್ ಪತ್ತೆಹಚ್ಚಿ ಕೂಗುವ ಅಲಾರಂ ಇರಲೇಬೇಕೆಂದು ಆ ರಾಜ್ಯದ ಕಾನೂನು.

ಅಂದು ಅದು ನನಗೆ ಊರಿನಲ್ಲಿ ಹೇಳಿಕೊಳ್ಳಲು ಒಂದು ಒಳ್ಳೆಯ ಕತೆಯಾಗಿತ್ತು, ಅಷ್ಟೇ. ಎಷ್ಟೋ ಜನರಿಗೆ ಹೇಳಿ ನಗಿಸಿದ್ದೇನೆ ಕೂಡ. ಅದೇ ವಿಚಾರ ಹೊಳೆನರಸೀಪುರದ ಬಚ್ಚಲಿಗೂ ಸೇರಿದ್ದು ಎಂದು ಒಮ್ಮೆಯೂ ಹೊಳೆಯಲಿಲ್ಲ.

ಅಪ್ಪನ ಚಿಮಣಿಯ ಬಾಯಿ ಬಿಚ್ಚಿಸಿ ಟಾರ್ಚ್ ಹಾಕಿ ನೋಡಿದೆವು. ಪಾರಿವಾಳದ ಗೂಡು, ಒಣಕಡ್ಡಿ, ಒಂದು ಸತ್ತ ಇಲಿ, ಉದುರಿದ ಗಾರೆ. ಪುಟ್ಟಿಯ ಕೈಯಲ್ಲಿ ಊದುಬತ್ತಿ ಕೊಟ್ಟು ಬಾಯಿಯ ಹತ್ತಿರ ಹಿಡಿಯಲು ಹೇಳಿದೆ. ಹೊಗೆ ಮೇಲೇರುವ ಬದಲು ಅವಳ ಮುಖಕ್ಕೇ ಬಂತು. ಬಚ್ಚಲಿನ ಫ್ಯಾನು ಹಾಕಿ ಬಾಗಿಲು ಮುಚ್ಚಿದಾಗ ಇನ್ನೂ ಜೋರಾಗಿ ಬಂತು. ಫ್ಯಾನು ಗಾಳಿಯನ್ನು ಹೊರಗೆ ತಳ್ಳುತ್ತದೆ, ಬದಲು ಗಾಳಿ ಬರಲು ಬೇರೆ ದಾರಿ ಇಲ್ಲದ್ದರಿಂದ ಚಿಮಣಿಯಿಂದಲೇ ಕೆಳಕ್ಕೆ ಎಳೆಯುತ್ತದೆ. ಫ್ಯಾನು ಹಾಕಿಬಿಟ್ಟರೆ ಸಾಕು ಎಂದು ಧೈರ್ಯ ಹೇಳುವವರಿಗೆ ಈ ಊದುಬತ್ತಿಯನ್ನು ತೋರಿಸಬೇಕು.

ಆ ಚಿಮಣಿಯಲ್ಲಿ ತುದಿಯವರೆಗೆ ಉಕ್ಕಿನ ಕೊಳವೆ ಇಳಿಸಿ, ಗೋಡೆ ಕೊರೆದು ಒಳಗಾಳಿಗೆ ದಾರಿ ಮಾಡಿ, ಎಲ್ಲವನ್ನೂ ತಿಳಿದವರಿಂದ ಮಾಡಿಸುವುದಾದರೆ ಮಾಡಿಸಬಹುದಿತ್ತು. ಅರಕಲಗೂಡಿನ ಕಡೆ ಬ್ಯಾರನ್ ಕೊಳವೆ ಮಾಡುವ ಒಬ್ಬ ತಗಡಿನ ಕೆಲಸದವರನ್ನು ಭಾವನ ಮಗ ಕರೆತಂದ. ಅವರು ಚಿಮಣಿ ನೋಡಿದರು, ಗೀಸರ್ ನೋಡಿದರು, ಬಚ್ಚಲಿನ ಗೋಡೆಗೆ ಒರಗಿ ಬೀಡಿ ಹಚ್ಚಿ ಸ್ವಲ್ಪ ಹೊತ್ತು ಯೋಚಿಸಿದರು. "ಸಾಮಿ, ಬ್ಯಾರನ್ನಲ್ಲಿ ನಾವು ಬೆಂಕಿ ಎಲ್ಲಿ ಹಾಕ್ತೀವಿ?"

"ಹೊರಗೆ" ಅಂದೆ.

"ಮತ್ತೆ ಈ ಬೆಂಕೀನ ಒಳಗ್ಯಾಕೆ ಇಟ್ಕೊಂಡಿದ್ದೀರಿ?"

ಕೊಳವೆಯ ಬೆಲೆ ಹೇಳುವ ಗೋಜಿಗೂ ಅವರು ಹೋಗಲಿಲ್ಲ. ಅದೇ ವಾರ ಗೀಸರನ್ನು ಬಚ್ಚಲಿನಿಂದ ಕಿತ್ತು ಹಿತ್ತಿಲ ಕಡೆಯ ಹೊರಗೋಡೆಗೆ ಕೂರಿಸಿದೆವು. ಮೇಲೆ ಮಳೆಗೆ ಒಂದು ಶೀಟು, ಮೂರು ಕಡೆ ಬಯಲು, ಹತ್ತಿರದಲ್ಲಿ ಕಿಟಕಿಯಿಲ್ಲ. ಒಳಗೆ ಬರುವುದು ಬಿಸಿನೀರಿನ ಪೈಪು ಮಾತ್ರ. ಬೆಳಕಿಂಡಿಯ ಪ್ಲಾಸ್ಟಿಕ್ ಕಿತ್ತು ಸೊಳ್ಳೆಪರದೆಯ ಜಾಲರಿ ಹಾಕಿಸಿದೆವು. ಹಾಸನದ ನಮ್ಮ ಬೀದಿಯಲ್ಲಿ ಬಾಡಿಗೆಗಿರುವ ಇಬ್ಬರಿಗೆ ಈ ವಿಷಯ ಹೇಳಿದೆ. ಅವರಿಗೆ ಗೋಡೆ ಕೊರೆಯುವ ಅಧಿಕಾರವಿಲ್ಲ. ಗೀಸರ್ ಹೊರಗೆ ಹೋಗುವವರೆಗೆ ಬಾಗಿಲು ಕಿಟಕಿ ತೆರೆದಿಟ್ಟು ಬಕೆಟ್ಟುಗಳಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಸಿಲಿಂಡರ್ ಮುಚ್ಚಿ, ಆಮೇಲೆ ಸ್ನಾನಕ್ಕೆ ಹೋಗುತ್ತಿದ್ದಾರೆ. ಒಬ್ಬರ ಹಿಂದೊಬ್ಬರು ಹೋಗದೆ ನಡುವೆ ಸ್ವಲ್ಪ ಹೊತ್ತು ಬಾಗಿಲು ತೆರೆದಿಡುತ್ತಾರೆ. ಮಕ್ಕಳಿಗೆ ಒಳಚಿಲಕ ಹಾಕಬೇಡಿ ಎಂದಿದ್ದಾರೆ. ಚಳಿಗಾಲ ಬಂದರೆ ಪತ್ರಿಕೆಯಲ್ಲಿ ಬಚ್ಚಲಲ್ಲಿ ಬಿದ್ದವರ ಸುದ್ದಿ ಓದುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಯಾರಾದರೂ ಹಾಗೆ ಬಿದ್ದಿದ್ದರೆ ಬಾಗಿಲು ಕಿಟಕಿ ತೆರೆದು, ಗ್ಯಾಸ್ ಆರಿಸಿ, ಅವರನ್ನು ಬಯಲಿಗೆ ತಂದು 108ಕ್ಕೆ ಫೋನ್ ಮಾಡಿ, ಗ್ಯಾಸ್ ಗೀಸರ್ ಇತ್ತು ಎಂದು ಡಾಕ್ಟರಿಗೆ ನೀವೇ ಮೊದಲು ಹೇಳಿ. ಅವರು ಕೇಳುವವರೆಗೆ ಕಾಯಬೇಡಿ.

ಅಪ್ಪನ ಚಿಮಣಿಯನ್ನು ಮತ್ತೆ ಮುಚ್ಚಲಿಲ್ಲ. ಗೂಡು ತೆಗೆಸಿ, ಗಾರೆ ಹಚ್ಚಿಸಿ, ತುದಿಗೆ ಪಾರಿವಾಳ ಬಾರದಂತೆ ಜಾಲರಿ ಕಟ್ಟಿಸಿದೆವು. ಬಚ್ಚಲಿನ ಇನ್ನೊಂದು ಭಾಗದಲ್ಲಿ, ಚಿಮಣಿಯ ಹಿಂಬದಿಗೆ ಹೊಸ ಬಾಯಿ ತೆಗೆದು ಮಣ್ಣಿನ ಒಲೆ ಹಾಕಿಸಿ, ಅಟ್ಟದಲ್ಲಿದ್ದ ಹಂಡೆಯನ್ನು ಇಳಿಸಿ ಕೂರಿಸಿದ್ದಾಯಿತು. ಈ ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಮಾಲೆ ಕಟ್ಟುವ ಕೆಲಸ ಪುಟ್ಟಿಯದು ಎಂದು ಅವಳ ಅಜ್ಜಿ ಈಗಲೇ ತೀರ್ಮಾನ ಮಾಡಿದ್ದಾಳೆ. ಉರಿ ಹಾಕುವ ಪಾಳಿ ನನ್ನದಂತೆ. ನಾಲ್ಕೂವರೆಗೆ ಏಳಬೇಕು.